ಉಂಗ್ರದ ವಿದ್ಯೆ ಬೆಂಗಳೂರಿನ ಬಂಗಲೆಗೆ. ತುಮಕೂರಿಗೆ ಸಿಮೆಂಟಿನ ಒಲೆ!

ತುಮಕೂರಿಗೆ ಬಿಸಿಲೇನೂ ಹೊಸದಲ್ಲ. ಏಪ್ರಿಲ್ ಕೊನೇ ವಾರದಲ್ಲಿ ಸೂರ್ಯ ಸರಿಯಾಗಿ ಊರಿನ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ. ಆಗಸ್ಟ್ ನಡುವಿನಲ್ಲಿ ಇನ್ನೊಂದು ಸಲ ಬಂದು ಹೋಗುತ್ತಾನೆ. ಮುತ್ತಜ್ಜನ ಕಾಲದಿಂದಲೂ ಅವನ ದಾರಿ ಅದೇ. ಬದಲಾಗಿರುವುದು ಅವನ ಕೆಳಗೆ ಜನ ಕಟ್ಟಿಕೊಂಡು ಕೂತಿರುವ ಮನೆ.

ಮೂವತ್ತು-ನಲವತ್ತರ ಸೈಟು. ಪಕ್ಕದ ಮನೆಗೂ ಈ ಮನೆಗೂ ನಡುವೆ ಬೆಕ್ಕು ನುಸುಳುವಷ್ಟು ಸಂದಿ. ಆರಿಂಚಿನ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಐದಿಂಚಿನ ಮೋಲ್ಡು, ಅದರ ಮೇಲೊಂದು ಕರಿಯ ನೀರಿನ ಟ್ಯಾಂಕು. ಹಗಲೆಲ್ಲ ಕಾದ ಮೋಲ್ಡು, ಮನೆಮಂದಿ ಊಟ ಮುಗಿಸಿ ಹಾಸಿಗೆ ಬಿಡಿಸುವ ಹೊತ್ತಿಗೆ ಸರಿಯಾಗಿ ಕಾವನ್ನು ಒಳಕ್ಕೆ ಕಕ್ಕಲು ಶುರು ಮಾಡುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಕೆಳಕ್ಕೆ. ನಲ್ಲಿ ತಿರುಗಿಸಿದರೆ ಬಿಸಿನೀರು. ಸಾಲ ಮಾಡಿ, ಒಡವೆ ಅಡವಿಟ್ಟು, ಗೃಹಪ್ರವೇಶಕ್ಕೆ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸಿ, ಕಡೆಗೆ ಚಾಪೆ ದಿಂಬು ಹೊತ್ತು ಟೆರೇಸ್ ಹತ್ತುವುದು... ಬೇಸಿಗೆಯಲ್ಲಿ ಇದು ಎಷ್ಟೋ ಮನೆಗಳ ನಿತ್ಯದ ಕತೆ.

ಇದಕ್ಕೆ ಔಷಧ ಎಲ್ಲೋ ಅಮೆರಿಕದಲ್ಲಿ ಇದ್ದಿದ್ದರೆ ಒಂದು ಮಾತು. ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅದರ ಪ್ರಯೋಗ ನಡೆದು ನಾಲ್ಕು ದಶಕಗಳ ಮೇಲಾಯಿತು. ಬೆಂಗಳೂರಿನ ತಿಳಿದವರು, ದುಡ್ಡಿದ್ದವರು ಅದನ್ನು ಹುಡುಕಿಕೊಂಡು ಹೋಗಿ ಮನೆ ಕಟ್ಟಿಸುತ್ತಿದ್ದಾರೆ. ತುಮಕೂರಿನವರು ಮಾತ್ರ "ಅಯ್ಯೋ ಮಣ್ಣಿನ ಮನೇನಾ?" ಅಂತ ಮೂಗು ಮುರಿಯುತ್ತಾರೆ.

ಒಲೆ ಗೊತ್ತು, ಗೋಡೆ ಗೊತ್ತಿಲ್ಲ

'ಅಸ್ತ್ರ ಒಲೆ' ಅಂದರೆ ಐವತ್ತು ದಾಟಿದ ಹಳ್ಳಿಯವರಿಗೆಲ್ಲ ಗೊತ್ತು. ಎಂಬತ್ತರ ದಶಕದಲ್ಲಿ ಮನೆಮನೆಗೆ ಬಂದ ಸೌದೆ ಉಳಿಸುವ ಒಲೆ ಅದು. ಆದರೆ ಆ ಅಸ್ತ್ರ ಯಾವ ದೇವರ ಆಯುಧವೂ ಅಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ, ಅಮೂಲ್ಯ ರೆಡ್ಡಿ ಎಂಬ ರಸಾಯನ ವಿಜ್ಞಾನಿ ಕಟ್ಟಿದ ತಂಡದ ಹೆಸರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ-ತಂತ್ರಜ್ಞಾನವನ್ನು ತಲುಪಿಸುವುದು ಅದರ ಕೆಲಸ. ಅದರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಗ್ಯಾಸಿನಿಂದ ದೀಪ ಹೊತ್ತಿಸಿ, ನಲ್ಲಿ ನೀರು ಹರಿಸಿ ತೋರಿಸಿದವರೂ ಇವರೇ. ಆ ತಂಡ ಈಗ ಅದೇ ಸಂಸ್ಥೆಯಲ್ಲಿ ಬೇರೆ ಹೆಸರಿನ ವಿಭಾಗವಾಗಿದೆ.

ಒಲೆ ಹೆಸರು ಮಾಡಿತು. ಗ್ಯಾಸೂ ಒಂದಷ್ಟು ಸುದ್ದಿಯಾಯಿತು. ಅದೇ ತಂಡದ ಸಿವಿಲ್ ಇಂಜಿನಿಯರ್ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಗೋಡೆಯ ಮೇಲೆ ಮಾಡಿದ ಕೆಲಸ ಮಾತ್ರ ಜಿಲ್ಲೆಯ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ.

ಅವರು ಕೇಳಿಕೊಂಡ ಪ್ರಶ್ನೆ ಸರಳ. ಮಣ್ಣನ್ನು ಸುಡದೆ ಗಟ್ಟಿ ಮಾಡುವುದು ಹೇಗೆ? ಕೆಂಪುಮಣ್ಣಿಗೆ ನೂರಕ್ಕೆ ಐದಾರು ಪಾಲು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕಬ್ಬಿಣದ ಅಚ್ಚಿನಲ್ಲಿ ಹಾಕಿ, ಉದ್ದ ಹಿಡಿಯ ಮೇಲೆ ಇಬ್ಬರು ಭಾರ ಬಿಟ್ಟು ಒತ್ತಿದರೆ ಬ್ಲಾಕು ರೆಡಿ. ಗೂಡು ಬೇಡ, ಸೌದೆ ಬೇಡ. ಮೂರು-ನಾಲ್ಕು ವಾರ ಹುಲ್ಲು ಮುಚ್ಚಿ ನೀರು ಕುಡಿಸಿದರೆ ಸಾಕು. ಇಂಥ ಒತ್ತುಯಂತ್ರ ಜಗತ್ತಿಗೆ ಹೊಸದೇನಲ್ಲ. ಐವತ್ತರ ದಶಕದಲ್ಲೇ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಒಂದನ್ನು ಮಾಡಿದ್ದರು. ಇಲ್ಲಿಯ ಮಣ್ಣಿಗೆ, ಇಲ್ಲಿಯ ಆಳುಗಳ ತೋಳಿಗೆ ಹೊಂದುವ ಹಾಗೆ ಮಾಡಿದ್ದು ಈ ತಂಡದ ಸಾಧನೆ. ಅಸ್ಟ್ರಾಂ, ಮರ್ದಿನಿ ಎಂಬ ಹೆಸರುಗಳಲ್ಲಿ ಕೈಯಂತ್ರಗಳು ಬಂದವು. ಸುಡದ ಮಣ್ಣಿನ ಬ್ಲಾಕಿಗೆ ಸರ್ಕಾರಿ ಮಾನಕವೂ ಇದೆ: ಐ.ಎಸ್. 1725. ಅದು ಹುಟ್ಟಿದ್ದೇ 1960ರಲ್ಲಿ. 1982ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಪರಿಷ್ಕಾರವಾಯಿತು. "ಇದಕ್ಕೆಲ್ಲ ರೂಲ್ಸ್ ಇಲ್ಲ ಸಾರ್" ಎನ್ನುವ ಇಂಜಿನಿಯರ್ ಸಿಕ್ಕಿದರೆ ಈ ನಂಬರ್ ಹೇಳಿ ನೋಡಿ.

ಮೀಟರಿಗೆ ಬೀಳದ ಕರೆಂಟು

ಮನೆಗೆ ಎರಡು ಬಿಲ್ಲು ಇರುತ್ತವೆ. ಒಂದು ತಿಂಗಳು ತಿಂಗಳು ಬರುವುದು. ಇನ್ನೊಂದು ಕಟ್ಟುವಾಗಲೇ ಮುಗಿದುಹೋಗಿರುತ್ತದೆ. ಯಾರೂ ಅದನ್ನು ಬಿಲ್ಲು ಅಂತ ಕರೆಯುವುದಿಲ್ಲ. ಇಟ್ಟಿಗೆ ಗೂಡಿನಲ್ಲಿ ಸುಟ್ಟ ನೀಲಗಿರಿ ಸೌದೆ, ಸಿಮೆಂಟ್ ಫ್ಯಾಕ್ಟರಿಯ ಕಲ್ಲಿದ್ದಲು, ಕಬ್ಬಿಣ ಕರಗಿಸಿದ ಕುಲುಮೆ, ಇವನ್ನೆಲ್ಲ ಹೊತ್ತು ತಂದ ಲಾರಿಯ ಡೀಸೆಲ್ಲು... ಎಲ್ಲ ಸೇರಿ ಗೋಡೆಯೊಳಗೆ ಕೂತಿರುತ್ತವೆ.

ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಾಕಿದವರು ಇದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್. 2003ರಲ್ಲಿ ಅವರು ಪ್ರಕಟಿಸಿದ ಅಂಕಿಗಳು ಇವತ್ತಿಗೂ ಜಗತ್ತಿನ ಮೂಲೆಮೂಲೆಯಲ್ಲಿ ಉಲ್ಲೇಖವಾಗುತ್ತವೆ. ಅಳತೆಯ ಹೆಸರು ಮೆಗಾಜೂಲ್. ಮೀಟರಿನ ಒಂದು ಯೂನಿಟ್ ಅಂದರೆ 3.6 ಮೆಗಾಜೂಲ್ ಎಂದು ನೆನಪಿಟ್ಟುಕೊಂಡರೆ ಸಾಕು.

ಒಂದು ಘನ ಮೀಟರ್ ಸುಟ್ಟ ಇಟ್ಟಿಗೆ ಗೋಡೆಗೆ 2,141 ಮೆಗಾಜೂಲ್. ಅಷ್ಟೇ ಮಣ್ಣಿನ ಬ್ಲಾಕಿನ ಗೋಡೆಗೆ, ನೂರಕ್ಕೆ ಆರು ಪಾಲು ಸಿಮೆಂಟು ಹಾಕಿದ್ದಕ್ಕೆ, 646. ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ! ನ್ಯಾಯವಾಗಿ ಹೇಳಬೇಕೆಂದರೆ ಸಿಮೆಂಟಿನ ಹಾಲೋ ಬ್ಲಾಕೂ ಇಟ್ಟಿಗೆಯಷ್ಟು ಉರುವಲು ತಿನ್ನುವುದಿಲ್ಲ. ಅದರ ಗೋಡೆಗೆ 819 ಮೆಗಾಜೂಲ್. ಆದರೆ ಅದನ್ನು ತೆಳ್ಳಗೆ ಆರಿಂಚು, ಕೆಲವು ಕಡೆ ನಾಲ್ಕಿಂಚು ಕಟ್ಟಿ ಬಿಸಿಲಿಗೆ ಒಡ್ಡುತ್ತಾರಲ್ಲ, ಅಲ್ಲಿ ಎರಡನೇ ಬಿಲ್ಲು ಶುರುವಾಗುತ್ತದೆ.

ಇಡೀ ಮನೆಯ ಲೆಕ್ಕಕ್ಕೆ ಬನ್ನಿ. ಇಟ್ಟಿಗೆ ಗೋಡೆ, ಆರ್.ಸಿ.ಸಿ. ಛಾವಣಿಯ ಕಟ್ಟಡಕ್ಕೆ ಚದರ ಮೀಟರಿಗೆ 2,920 ಮೆಗಾಜೂಲ್ ಬಿತ್ತು. ಮಣ್ಣಿನ ಬ್ಲಾಕು, ಕಾಂಕ್ರೀಟ್ ಉಳಿಸುವ ಛಾವಣಿಯ ಮನೆಗೆ 1,610. ಸಾವಿರ ಚದರಡಿ ಮನೆಗೆ ಗುಣಿಸಿ ನೋಡಿದರೆ, ಎರಡರ ವ್ಯತ್ಯಾಸ ಏಳೆಂಟು ಟನ್ ಒಣ ಸೌದೆ ಸುಟ್ಟರೆ ಬರುವ ಶಾಖಕ್ಕೆ ಸಮ. ಒಂದು ಲಾರಿ ಲೋಡು. ಒಂದೇ ಮನೆಗೆ!

ಅದೂ ಬರೀ ಸೌದೆಯ ಮಾತಾಯಿತು. ಇಟ್ಟಿಗೆಗೆ ಬೇಕಾದ ಮಣ್ಣು ಕೆರೆ ಅಂಗಳದಿಂದ, ಗದ್ದೆಯ ಮೇಲ್ಪದರದಿಂದ ಹೋಗುತ್ತದೆ. ಗದ್ದೆಯ ಒಂದಡಿ ಮಣ್ಣು ಮಾರಿಕೊಂಡ ರೈತನಿಗೆ ಆ ವರ್ಷ ಕೈತುಂಬ ದುಡ್ಡು. ಮುಂದಿನ ಬೆಳೆಗಳ ಗತಿ ಆಮೇಲೆ ಗೊತ್ತಾಗುತ್ತದೆ.

ಮರ್ಯಾದೆ ಪ್ರಶ್ನೆ

ಹಾಗಿದ್ದರೆ ಜಿಲ್ಲೆಯಲ್ಲಿ ಇಂಥ ಮನೆ ಯಾಕೆ ಬೀದಿಗೊಂದೂ ಕಾಣುವುದಿಲ್ಲ? ಹುಡುಕಿದರೆ ಅಲ್ಲೊಂದು ಇಲ್ಲೊಂದು ತೋಟದ ಮನೆ ಸಿಕ್ಕೀತು. ಅದೂ ಬಹುಮಟ್ಟಿಗೆ ಬೆಂಗಳೂರಿನಿಂದ ಬಂದು ಜಮೀನು ಕೊಂಡವರದ್ದು.

ಮೊದಲನೇ ಕಾರಣ ಮರ್ಯಾದೆ. ಸರ್ಕಾರದ ಲೆಕ್ಕದಲ್ಲಿ ಮಣ್ಣಿನ ಗೋಡೆ, ಸುಡದ ಇಟ್ಟಿಗೆ ಅಂದರೆ 'ಕಚ್ಚಾ'. ಸುಟ್ಟ ಇಟ್ಟಿಗೆ, ಕಲ್ಲು, ಕಾಂಕ್ರೀಟು 'ಪಕ್ಕಾ'. ತಲೆಮಾರುಗಟ್ಟಲೆ ಈ ಎರಡು ಪದ ಕೇಳಿದವರಿಗೆ ಮಣ್ಣು ಅಂದರೆ ಬಡತನ. ಹುಡುಗಿ ನೋಡಲು ಬಂದವರು ಮೊದಲು ನೋಡುವುದು ಮೋಲ್ಡನ್ನು. ಇದು ಸುಮ್ಮನೆ ಜನರ ಅಜ್ಞಾನ ಎಂದು ಪಟ್ಟಣದವರು ಹೇಳಿಬಿಡಬಹುದು. ಮಳೆಗೆ ಗೋಡೆ ಕುಸಿದು ಬೀಳುವುದನ್ನು ಕಂಡವರು, ಮಾಳಿಗೆಯಿಂದ ಚೇಳು ಉದುರುವುದನ್ನು ಕಂಡವರು ಹಾಗೆ ಹೇಳುವುದಿಲ್ಲ. ಶಿರಾ, ಮಧುಗಿರಿ, ಪಾವಗಡ ಸೀಮೆಯ ಹಳೇ ಮಾಳಿಗೆ ಮನೆ ತಂಪು ನಿಜ. ಆದರೆ ವರ್ಷಾವರ್ಷ ಮಾಳಿಗೆಗೆ ಮಣ್ಣು ಹೊರಬೇಕಿತ್ತು, ತೊಲೆಗೆ ಗೆದ್ದಲು ಹಿಡಿಯುತ್ತಿತ್ತು, ಬೆಳಕಿಂಡಿ ಒಂದನ್ನು ಬಿಟ್ಟರೆ ಒಳಗೆ ಕತ್ತಲೆ. ಅದರಿಂದ ಪಾರಾದೆವು ಅಂತ ನಿಟ್ಟುಸಿರು ಬಿಟ್ಟ ಹೆಂಗಸರಿಗೆ ಮತ್ತೆ "ಮಣ್ಣು" ಅಂದರೆ ಸಿಟ್ಟು ಬರದೆ ಇರುತ್ತದೆಯೇ?

ಒತ್ತಿದ ಮಣ್ಣಿನ ಬ್ಲಾಕು ಆ ಮಣ್ಣಲ್ಲ. ಸಿಮೆಂಟು ಕುಡಿದು ಗಟ್ಟಿಯಾದ ಬ್ಲಾಕು ನೀರಿನಲ್ಲಿ ಮುಳುಗಿಸಿಟ್ಟರೂ ಕರಗುವುದಿಲ್ಲ. ಮೇಲೆ ಪ್ಲಾಸ್ಟರ್ ಕೂಡ ಕಡ್ಡಾಯವಲ್ಲ. ಬೆಂಗಳೂರಿನಲ್ಲಿ ಇದರಿಂದ ಎರಡು-ಮೂರು ಅಂತಸ್ತಿನ ಮನೆಗಳೇ ಎದ್ದಿವೆ. ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ನೂರಾರು ಮನೆಗಳನ್ನು ಮಣ್ಣಿನಲ್ಲೇ ಕಟ್ಟಿದ್ದಾರೆ. ಅನೇಕ ಕಡೆ ಪಾಯ ಮತ್ತು ನೆಲಮಾಳಿಗೆ ತೋಡಿದಾಗ ಬಂದ ಮಣ್ಣೇ ಗೋಡೆಯಾಗಿದೆ. ಒಂದು ಬುಟ್ಟಿ ಮಣ್ಣು ಸೈಟಿನಿಂದ ಆಚೆ ಹೋಗಲಿಲ್ಲ, ಒಂದು ಲೋಡು ಇಟ್ಟಿಗೆ ಒಳಗೆ ಬರಲಿಲ್ಲ.

ಎರಡನೇ ಕಾರಣ ಮೇಸ್ತ್ರಿ. ಸಿಮೆಂಟ್ ಬ್ಲಾಕು ಫೋನ್ ಮಾಡಿದರೆ ಮಧ್ಯಾಹ್ನಕ್ಕೆ ಬಂದು ಬೀಳುತ್ತದೆ. ಮಣ್ಣಿನ ಬ್ಲಾಕಿಗೆ ತಿಂಗಳು ಮುಂಚೆ ತಯಾರಿ ಬೇಕು. ಮಣ್ಣು ಜರಡಿ ಹಿಡಿಯಬೇಕು, ಅಳತೆ ತಪ್ಪದೆ ಬೆರೆಸಬೇಕು. ಕಂಟ್ರಾಕ್ಟರಿಗೆ ಅಷ್ಟು ಪುರಸೊತ್ತು ಎಲ್ಲಿದೆ? ಚದರಕ್ಕೆ ಇಷ್ಟು ಅಂತ ಮಾತಾಡಿಕೊಂಡವನು ಮೂರು ತಿಂಗಳಲ್ಲಿ ಕೀ ಕೊಟ್ಟು ಮುಂದಿನ ಸೈಟಿಗೆ ಓಡುವ ಆತುರದಲ್ಲಿ ಇರುತ್ತಾನೆ.

ಮೂರನೆಯದು ಅರೆಬರೆ ಕೆಲಸ. ಎರೆಮಣ್ಣಿನಲ್ಲಿ ಒತ್ತಿದ ಬ್ಲಾಕು ಬಿರುಕು ಬಿಟ್ಟೇ ಬಿಡುತ್ತದೆ. ಸಿಮೆಂಟು ಕದ್ದು ಒತ್ತಿದ್ದು, ನೀರು ಕುಡಿಸದೆ ವಾರಕ್ಕೇ ಗೋಡೆಗೆ ಏರಿಸಿದ್ದು ಮೊದಲ ಮಳೆಗೇ ಅಂಚು ಉದುರಿಸುತ್ತದೆ. ಒಂದು ಊರಿನಲ್ಲಿ ಇಂಥದೊಂದು ಗೋಡೆ ಎದ್ದರೆ ಸುತ್ತ ಹತ್ತು ಹಳ್ಳಿಯಲ್ಲಿ ಮಣ್ಣಿನ ಬ್ಲಾಕಿನ ಹೆಸರು ಕೆಟ್ಟಂತೆಯೇ. ಇನ್ನು, "ಅರ್ಧ ರೇಟಿಗೆ ಮನೆ" ಎಂದು ಯಾರಾದರೂ ಆಸೆ ತೋರಿಸಿದರೆ ನಂಬುವುದು ಬೇಡ. ಕೂಲಿ ಏರಿರುವ ಈ ಕಾಲದಲ್ಲಿ ಉಳಿತಾಯ ಬರುವುದು ಲಾರಿ ಬಾಡಿಗೆಯಲ್ಲಿ, ಪ್ಲಾಸ್ಟರಿನಲ್ಲಿ. ಬ್ಲಾಕಿನ ಬೆಲೆಯಲ್ಲಿ ಅಂಥ ಪವಾಡವೇನೂ ಇಲ್ಲ.

ಕಳ್ಳ ಇರುವುದು ಛಾವಣಿಯಲ್ಲಿ

ಗೋಡೆಯ ಮಾತು ಇಷ್ಟಾಯಿತು. ಆದರೆ ಒಂದಂತಸ್ತಿನ ಮನೆಗೆ ಸೆಕೆ ಬರುವುದು ಹೆಚ್ಚಾಗಿ ಮೇಲಿನಿಂದಲೇ. ಗೋಡೆ ಏನೇ ಇರಲಿ, ಛಾವಣಿ ಬೆತ್ತಲೆ ಬಿಟ್ಟರೆ ಮನೆ ಬೇಯುವುದು ತಪ್ಪದು.

ಅತಿ ಅಗ್ಗದ ಉಪಾಯ ಸುಣ್ಣ. ಟೆರೇಸಿಗೆ ಬೇಸಿಗೆ ಮುಂಚೆ ಎರಡು ಕೋಟು ಬಿಳೀ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ವಾಪಸು ಆಕಾಶಕ್ಕೆ ಹೋಗುತ್ತದೆ. ಮಳೆಗೆ ತೊಳೆದು ಹೋಯಿತೇ? ಮುಂದಿನ ವರ್ಷ ಮತ್ತೆ ಬಳಿಯಿರಿ. ಪಕ್ಕದ ತೆಲಂಗಾಣ ಇದನ್ನೇ ದೊಡ್ಡ ವಿಷಯವಾಗಿ ತೆಗೆದುಕೊಂಡು 2023ರಲ್ಲಿ 'ತಂಪು ಛಾವಣಿ' ನೀತಿಯನ್ನೇ ಹೊರಡಿಸಿತು. ಇಲ್ಲಿ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವವರು ಏಣಿ ಹಾಕಿ ಇನ್ನೊಂದು ಹತ್ತಡಿ ಮೇಲೆ ಹತ್ತಿದರೆ ಸಾಕು.

ಹೊಸದಾಗಿ ಕಟ್ಟುವವರಿಗೆ ಇನ್ನೂ ದಾರಿಗಳಿವೆ. ಆರ್.ಸಿ.ಸಿ. ಮೋಲ್ಡಿನ ಕೆಳಭಾಗದ ಕಾಂಕ್ರೀಟು ಹೆಚ್ಚಿನ ಕೆಲಸ ಮಾಡುವುದಿಲ್ಲ. ಅಲ್ಲಿ ಎಳೆತ ತಡೆಯುವುದು ಕಂಬಿ. ಆ ಜಾಗಕ್ಕೆ ಮಂಗಳೂರು ಹಂಚನ್ನೋ ಮಣ್ಣಿನ ಬ್ಲಾಕನ್ನೋ ತುಂಬಿಸಿ ಮೋಲ್ಡು ಹಾಕಿದರೆ ಸಿಮೆಂಟೂ ಉಳಿಯಿತು, ತೂಕವೂ ಇಳಿಯಿತು. ಎರಡು ಹಂಚು ಬೋರಲಿಟ್ಟರೆ ನಡುವೆ ಸಿಕ್ಕಿಬಿದ್ದ ಗಾಳಿ ಕಾವನ್ನೂ ಸ್ವಲ್ಪ ತಡೆಯುತ್ತದೆ. ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಈ ಛಾವಣಿಯನ್ನು ಮನೆಮಾತು ಮಾಡಿದರು. "ನಮಗೆ ಇಟ್ಟಿಗೆಯೇ ಬೇಕು" ಎನ್ನುವವರಿಗೂ ಬೇಕರ್ ದಾರಿ ತೋರಿಸಿದ್ದಾರೆ. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವುದು. ಗೋಡೆ ಒಂಬತ್ತಿಂಚೇ. ಇಟ್ಟಿಗೆ ಸುಮಾರು ಕಾಲು ಭಾಗ ಕಡಿಮೆ. ಪೊಳ್ಳಿನ ಗಾಳಿ ಬಿಸಿಗೆ ಅಡ್ಡಗೋಡೆ.

ಮತ್ತೆ ಲೆಕ್ಕ: ಚದರ ಮೀಟರ್ ಆರ್.ಸಿ.ಸಿ. ಛಾವಣಿಗೆ 730 ಮೆಗಾಜೂಲ್, ಮಂಗಳೂರು ಹಂಚಿನ ಛಾವಣಿಗೆ 227. ಹಂಚಿನ ಮನೆ ಇದ್ದವರು ಅದನ್ನು ಕಿತ್ತು ಹಾಕುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು. ಮಂಗ ಹಾರಿ ಹಂಚು ಒಡೆಯುವ ಕಾಟ ಮಾತ್ರ ಯಾವ ವಿಜ್ಞಾನಿಯ ಪಟ್ಟಿಯಲ್ಲೂ ಸೇರಿಲ್ಲ!

ಆಮೇಲೆ ಪಡುವಣ ಗೋಡೆ. ಈ ಊರಿನಲ್ಲಿ ದಕ್ಷಿಣದ ಬಿಸಿಲು ಚಳಿಗಾಲದ್ದು. ಎರಡಡಿ ಸಜ್ಜಾ ಇದ್ದರೆ ಕಿಟಕಿಗೆ ಬಹುಪಾಲು ನೆರಳು. ಸಂಜೆ ಓರೆಯಾಗಿ ನುಗ್ಗುವ ಪಡುವಣ ಬಿಸಿಲಿಗೆ ಯಾವ ಸಜ್ಜಾವೂ ಲೆಕ್ಕಕ್ಕಿಲ್ಲ. ಅದಕ್ಕೆ ಮರವೇ ಬೇಕು. ಹೊಂಗೆಯೋ ಬೇವೋ ಒಂದಿದ್ದರೆ ಆಯಿತು. ಅಥವಾ ಆ ಕಡೆ ಮೆಟ್ಟಿಲು, ಬಚ್ಚಲು, ಉಗ್ರಾಣ ಬರಬೇಕು. ಆದರೆ ವಾಸ್ತು ಹೇಳುವವರು ಯಜಮಾನರ ಮಲಗುವ ಕೋಣೆಯನ್ನು ನೈಋತ್ಯಕ್ಕೇ ತಂದು ಕೂರಿಸುತ್ತಾರೆ. ದಿನದ ಅತ್ಯಂತ ಕೆಟ್ಟ ಬಿಸಿಲು ಬೀಳುವ ಮೂಲೆ ಅದು! ನಂಬಿಕೆ ಬಿಡಲಾರದವರು ಅಲ್ಲಿಯೇ ಮಲಗಲಿ. ಆ ಗೋಡೆಯನ್ನಾದರೂ ದಪ್ಪ ಮಾಡಿ, ಹೊರಗೊಂದು ನೆರಳು ಮಾಡಿಕೊಳ್ಳಲಿ. ಎದುರುಬದುರು ಎರಡು ಕಿಟಕಿ ಇಲ್ಲದ ಕೋಣೆಗೆ ಮಾತ್ರ ಯಾವ ದಿಕ್ಕೂ ಗಾಳಿ ತರಲಾರದು.

ಕಾನೂನು ಯಾರಿಗೆ?

ಕಾನೂನು ಇಲ್ಲವೆಂದಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ 2007ರಲ್ಲಿ ಬಂತು. ವಾಸದ ಮನೆಗಳಿಗೆಂದು 'ಇಕೋ ನಿವಾಸ್ ಸಂಹಿತಾ' 2018ರಲ್ಲಿ ಬಂತು. ಗೋಡೆ-ಕಿಟಕಿಗಳ ಮೂಲಕ ಒಳಗೆ ನುಗ್ಗುವ ಶಾಖ ಚದರ ಮೀಟರಿಗೆ 15 ವಾಟ್ ದಾಟಬಾರದು ಎಂದು ಅದರ ಲೆಕ್ಕ. ಒಳ್ಳೆಯದೇ. ಆದರೆ ಅದು ಹಿಡಿದದ್ದು 500 ಚದರ ಮೀಟರು ಮತ್ತು ಅದಕ್ಕೂ ದೊಡ್ಡ ನಿವೇಶನಗಳನ್ನು. ಮೂವತ್ತು-ನಲವತ್ತರ ಸೈಟು ಅಂದರೆ 111 ಚದರ ಮೀಟರ್. ಬೇಯುವ ಮನೆಗಳೆಲ್ಲ ಜರಡಿಯ ತೂತಿನಲ್ಲಿ ಕೆಳಗೆ ಬಿದ್ದುಹೋದವು.

ಬಡವರ ಮನೆಯ ಕತೆ ಇನ್ನೊಂದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ಸಿಗುವ ನೆರವು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಸ್ಥಳೀಯ ಸಾಮಗ್ರಿ ಬಳಸಿ ಎಂದು ಯೋಜನೆಯ ಕಾಗದವೇ ಹೇಳುತ್ತದೆ. ಆದರೆ ಕಂತು ಬಿಡುಗಡೆಯಾಗುವುದು ಪಾಯ, ಗೋಡೆ, ಛಾವಣಿ ಅಂತ ಹಂತ ಹಂತದ ಫೋಟೋ ನೋಡಿ. ಮಣ್ಣಿನ ಬಣ್ಣದ ಗೋಡೆಯ ಫೋಟೋ ಕಂಡರೆ ಕಂತು ನಿಂತೀತು ಎನ್ನುವ ಹೆದರಿಕೆಯಲ್ಲಿ ಫಲಾನುಭವಿ ಆ ಗೋಜಿಗೇ ಹೋಗುವುದಿಲ್ಲ. ಒಂದು ಪಂಚಾಯಿತಿಗೆ ಒಂದು ಒತ್ತುಯಂತ್ರ, ನಾಲ್ಕು ಜನ ಕಲಿತ ಮೇಸ್ತ್ರಿಗಳು ಇದ್ದರೆ ಆ ಹೆದರಿಕೆ ಅರ್ಧ ಕರಗುತ್ತದೆ. ಕಾಣಲು ಒಂದು ಮಾದರಿ ಮನೆ ಇದ್ದರೆ ಉಳಿದರ್ಧ. ಯಂತ್ರ ಒಂದು ಗೂಡ್ಸ್ ಆಟೋದಲ್ಲಿ ಹೋಗುವಂಥದು, ಕರೆಂಟೂ ಬೇಡ. ತಾಲ್ಲೂಕು ಪಂಚಾಯಿತಿಯವರು ಉಂಗ್ರದ ದಾರಿ ಮರೆತಿರಲಾರರು.

"ಕರೆಂಟು ಫ್ರೀ ಅಲ್ವಾ, ಫ್ಯಾನ್ ಓಡಲಿ ಬಿಡಿ" ಎನ್ನುವವರೂ ಇದ್ದಾರೆ. 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದರೆ ಪೂರ್ತಿ ಬಿಲ್ಲು ತಲೆ ಮೇಲೆ. ಒಂದು ಎ.ಸಿ. ಗಂಟೆಗೆ ಒಂದು-ಒಂದೂವರೆ ಯೂನಿಟ್ ತಿಂದರೆ, ರಾತ್ರಿ ಆರು ಗಂಟೆ ಓಡಿಸಿದವರಿಗೆ ತಿಂಗಳಿಗೆ 180ರಿಂದ 270 ಯೂನಿಟ್ ಅದೊಂದಕ್ಕೇ ಆಯಿತು. ಫ್ರಿಜ್ಜು, ಟಿ.ವಿ., ಮಿಕ್ಸಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮನೆ ಬಿಸಿ ಕಟ್ಟಿದವರು ಬಿಟ್ಟಿ ಕರೆಂಟನ್ನೂ ಕಳೆದುಕೊಳ್ಳುವುದು ಹೀಗೆ.

ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರುವುದು ಜಿಲ್ಲೆಗೆ ಹೆಮ್ಮೆ. ಆದರೆ ಆ ಫಲಕಗಳು ಸಂಜೆ ಆರಕ್ಕೆ ಕೆಲಸ ನಿಲ್ಲಿಸುತ್ತವೆ. ಕಾದ ಮೋಲ್ಡು ಕೆಲಸ ಶುರು ಮಾಡುವುದು ಆಗ. ರಾತ್ರಿ ಹನ್ನೊಂದಕ್ಕೆ ಓಡುವ ಎ.ಸಿ.ಗೆ ಕರೆಂಟು ಬೇರೆ ಕಡೆಯಿಂದಲೇ ಬರಬೇಕು, ಅದರಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು.

ಮುಂದಿನ ವರ್ಷ ಪಾಯ ತೆಗೆಸುವ ಯೋಚನೆ ಇದ್ದವರು ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಸೈಟಿನಲ್ಲಿ ಮೇಲಿನ ಒಂದಡಿ ಮಣ್ಣು ಬಿಟ್ಟು ಕೆಳಗಿನದು ಒಂದು ಹಿಡಿ ತೆಗೆದು ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ತುಂಬಬೇಕು. ನೀರು ಹಾಕಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ನಿಮಿಷದೊಳಗೆ ತಳ ಸೇರುತ್ತದೆ; ಜೇಡಿ ಗಂಟೆಗಟ್ಟಲೆ ತೇಲಿ ಆಮೇಲೆ ಮೇಲೆ ಪದರ ಕಟ್ಟುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ಮರಳೇ ಇದ್ದರೆ ಮಣ್ಣು ಬ್ಲಾಕಿಗೆ ಒಗ್ಗುತ್ತದೆ. ಜೇಡಿ ಹೆಚ್ಚಿದ್ದರೆ ಕ್ರಷರ್ ಡಸ್ಟ್ ಬೆರೆಸಿ ಸರಿ ಮಾಡಬಹುದು. ಎರೆಮಣ್ಣಾದರೆ ಸಿಮೆಂಟಿನ ಆಸೆ ಬಿಟ್ಟು ಬೇರೆ ಮಣ್ಣು ಹುಡುಕಬೇಕು. ಕಾರ್ತಿಕ ಕಳೆದು ಮಳೆ ನಿಂತ ಮೇಲೆ ಒತ್ತಲು ಶುರು ಮಾಡಿದರೆ, ಮೊದಲ ದಿನದ ಬ್ಲಾಕುಗಳು ಸಂಕ್ರಾಂತಿಯ ಹೊತ್ತಿಗೆ ಗೋಡೆಗೆ ಏರಲು ತಯಾರಾಗಿರುತ್ತವೆ.